ದೋಸೆ ಕಾಯುವುದಿಲ್ಲ, ಬರ್ಗರ್ ಕಾಯುತ್ತದೆ

ದಾವಣಗೆರೆಯವನು ಬರ್ಗರ್ ಬಗ್ಗೆ ಬರೆದರೆ ಊರಿನವರಿಗೆ ಅಷ್ಟಾಗಿ ಹಿಡಿಸಲಿಕ್ಕಿಲ್ಲ. ಬೆಣ್ಣೆ ದೋಸೆ, ಮಂಡಕ್ಕಿ–ಮಿರ್ಚಿ ಬಿಟ್ಟು ಇದೇನಪ್ಪ ಹೊಸ ಹುಚ್ಚು ಅನ್ನಬಹುದು. ಆದರೆ ನಿಜ ಹೇಳಿ, ಈಗ ಯಾರ ಮನೆಯಲ್ಲಿ ಬರ್ತ್‌ಡೇ ಬಂದರೂ, ರಿಸಲ್ಟ್ ಬಂದರೂ ಚಿಕ್ಕವರ ಮೊದಲ ಬೇಡಿಕೆ ಏನು? ನಮ್ಮ ಮನೆಯಲ್ಲಂತೂ ಚೀಸ್‌ಬರ್ಗರ್.

ಮನೆಯಲ್ಲಿ ನಾವು ಏಳು ಜನ. ಅಜ್ಜಿ, ಅಪ್ಪ, ಅಮ್ಮ, ಅಣ್ಣ, ಅತ್ತಿಗೆ, ತಂಗಿ ಮತ್ತು ನಾನು. ಆ್ಯಪ್‌ನಲ್ಲಿ ಏಳು ಬರ್ಗರ್ ಆರಿಸಿ ಪ್ಯಾಕಿಂಗ್, ಡೆಲಿವರಿ, ತೆರಿಗೆ ಎಲ್ಲ ಕೂಡಿಸಿದರೆ ಬಿಲ್ ಸಾವಿರ ದಾಟುತ್ತದೆ. ಬಿ.ಕಾಂ. ಮುಗಿಸಿ ಕೆಲಸ ಹುಡುಕುತ್ತಿರುವ ನನಗೆ ಸಾವಿರ ರೂಪಾಯಿ ಎಂದರೆ ಒಂದೆರಡು ಪರೀಕ್ಷೆಗಳ ಅರ್ಜಿ ಶುಲ್ಕ. ಹಾಗಾಗಿ ತಿಂಗಳಿಗೊಂದು ಭಾನುವಾರ ನಾನೇ ಮಾಡುತ್ತೇನೆ. ಎಂಟು ಬರ್ಗರ್‌ಗೆ ಬನ್ನು, ಆಲೂಗಡ್ಡೆ, ಚೀಸ್, ಸಾಸು, ಎಣ್ಣೆ ಎಲ್ಲ ಸೇರಿ ನಾನೂರು ರೂಪಾಯಿ ಆಸುಪಾಸು. ಏಳು ಜನಕ್ಕೆ ಎಂಟು ಯಾಕೆ ಅಂದರೆ, ನಮ್ಮ ಮನೆಗೆ ಭಾನುವಾರ ಯಾರಾದರೂ ಬಂದೇ ಬರುತ್ತಾರೆ.

ದುಡ್ಡು ಉಳಿಯುವುದು ಒಂದು ಲಾಭ ಅಷ್ಟೇ. ನಾನು ಹೇಳಬೇಕೆಂದಿರುವುದು ಇನ್ನೊಂದು ಲಾಭದ ಬಗ್ಗೆ. ಅದಕ್ಕೆ ಮೊದಲು ಈ ವಿದ್ಯೆ ನನಗೆ ಬಂದದ್ದು ಎಲ್ಲಿಂದ ಎಂದು ಹೇಳಬೇಕು.

ಎಂಟು ತಿಂಗಳ ಕೌಂಟರ್

ಡಿಗ್ರಿ ಆದ ಮೇಲೆ ಬೆಂಗಳೂರಿನ ಒಂದು ಬರ್ಗರ್ ಮಳಿಗೆಯಲ್ಲಿ ಎಂಟು ತಿಂಗಳು ಕೆಲಸ ಮಾಡಿದೆ. ತಲೆಗೆ ಕ್ಯಾಪ್, ಕೈಗೆ ಗ್ಲೌಸ್, ಮಧ್ಯಾಹ್ನ ಒಂದರಿಂದ ಮೂರರವರೆಗೆ ಉಸಿರಾಡಲೂ ಪುರುಸೊತ್ತಿಲ್ಲ. ಅಪ್ಪನಿಗೆ ಇದು ಇಷ್ಟವಿರಲಿಲ್ಲ. ‘ಬಿ.ಕಾಂ. ಓದಿ ಬನ್ನು ಸುಡಾಕೆ ಹೋದ’ ಎಂದು ಅಮ್ಮನ ಮುಂದೆ ಗೊಣಗುತ್ತಿದ್ದರು. ನೆಂಟರು ಕೇಳಿದರೆ ಮಾತ್ರ ‘ಬೆಂಗಳೂರಾಗೆ ಕಂಪನಿಯಾಗೆ ಇದಾನೆ’ ಎನ್ನುತ್ತಿದ್ದರು. ಯಾವ ಕಂಪನಿ ಎಂದು ಯಾರಾದರೂ ಮುಂದುವರಿಸಿದರೆ ಮಾತು ಮಳೆ–ಬೆಳೆಯತ್ತ ತಿರುಗುತ್ತಿತ್ತು.

ಆ ಅಡುಗೆಮನೆಯಲ್ಲಿ ನಾನು ಕಲಿತದ್ದು ರುಚಿಯ ಗುಟ್ಟಲ್ಲ, ಕೆಲಸದ ಸರದಿ. ಇದರ ಹಿಂದೆ ಒಂದು ಕಥೆಯೇ ಇದೆ. 1948ರಲ್ಲಿ ಅಮೆರಿಕದ ಸ್ಯಾನ್ ಬರ್ನಾರ್ಡಿನೊದಲ್ಲಿ ಮೆಕ್‌ಡೊನಾಲ್ಡ್ ಸಹೋದರರು ಚೆನ್ನಾಗಿ ನಡೆಯುತ್ತಿದ್ದ ತಮ್ಮ ಹೋಟೆಲನ್ನೇ ಕೆಲಕಾಲ ಮುಚ್ಚಿ, ಉದ್ದನೆಯ ಮೆನು ಕತ್ತರಿಸಿ, ಒಂದೊಂದು ಕೆಲಸಕ್ಕೆ ಒಬ್ಬೊಬ್ಬರಂತೆ ಅಡುಗೆಮನೆಯನ್ನು ಮರುಜೋಡಿಸಿದರು. ಯಾರು ಎಲ್ಲಿ ನಿಲ್ಲಬೇಕು ಎಂದು ನೋಡಲು ಟೆನಿಸ್ ಅಂಗಳದ ಮೇಲೆ ಸೀಮೆಸುಣ್ಣದಲ್ಲಿ ಅಡುಗೆಮನೆಯ ನಕ್ಷೆ ಬರೆದು, ಕೆಲಸಗಾರರನ್ನು ಅದರೊಳಗೆ ಓಡಾಡಿಸಿದ್ದರಂತೆ. ಅವರು ಮಾರಿದ್ದು ದನದ ಮಾಂಸದ ಬರ್ಗರ್. 1996ರಲ್ಲಿ ಅದೇ ಹೆಸರಿನ ಮಳಿಗೆ ದೆಹಲಿಯ ವಸಂತ ವಿಹಾರದಲ್ಲಿ ತೆರೆದಾಗ ದನದ ಮಾಂಸವನ್ನು ಪೂರ್ತಿ ಕೈಬಿಟ್ಟಿತು. ಮುಂದೆ ಆಲೂ ಟಿಕ್ಕಿಯೇ ಇಲ್ಲಿನ ಬರ್ಗರ್ ಆಯಿತು. ಒಳಗಿರುವುದು ಬದಲಾಯಿತು, ಸರದಿ ಬದಲಾಗಲಿಲ್ಲ.

ಒಲೆಯ ಮುಂದೆ ಯಾರು?

ಈಗ ನಿಮ್ಮ ಮನೆಯ ಭಾನುವಾರದ ಬೆಳಗನ್ನು ನೆನಪಿಸಿಕೊಳ್ಳಿ. ದೋಸೆ. ಕಾವಲಿಯಿಂದ ಎತ್ತಿದ ದೋಸೆಯ ಗರಿಗರಿ ಎರಡು–ಮೂರು ನಿಮಿಷ. ಹಾಗಾಗಿ ಒಂದೊಂದೇ ಹೊಯ್ಯಬೇಕು, ಒಂದೊಂದೇ ಬಡಿಸಬೇಕು. ಏಳು ಜನಕ್ಕೆ ಮೂರ್ಮೂರು ಅಂದರೂ ಇಪ್ಪತ್ತೊಂದು ದೋಸೆ. ಅಷ್ಟೂ ಹೊತ್ತು ಅಮ್ಮನೋ ಅತ್ತಿಗೆಯೋ ಒಲೆ ಮುಂದೆ. ‘ನೀವು ತಿನ್ರಿ, ನಾನು ಆಮ್ಯಾಲೆ ತಿಂತೀನಿ’ ಎಂಬ ಮಾತು ನಮ್ಮ ಮನೆಯಲ್ಲಿ ಎಷ್ಟು ಸಾರಿ ಕೇಳಿದ್ದೇನೋ ಲೆಕ್ಕವಿಲ್ಲ. ಚಪಾತಿಯಾದರೂ ಅಷ್ಟೇ, ಪೂರಿಯಾದರೂ ಅಷ್ಟೇ. ಬಿಸಿಯಾದದ್ದು ಎಲ್ಲರಿಗೂ ಸಿಗುತ್ತದೆ, ಮಾಡಿದವರಿಗೆ ಬಿಟ್ಟು.

ಪಾರ್ಸೆಲ್ ಬರ್ಗರ್ ಹಾಗಲ್ಲ. ಅದನ್ನು ರೂಪಿಸಿರುವುದೇ ಕೈಯಲ್ಲಿ ಹಿಡಿದು ಹೋಗಲು, ಹತ್ತು ನಿಮಿಷ ಕಾಯಲು. ಕಾಗದದಲ್ಲಿ ಸುತ್ತಿಟ್ಟರೆ ಅದು ಕೆಡುವುದಿಲ್ಲ, ಇನ್ನಷ್ಟು ಹದವಾಗುತ್ತದೆ. ಅಂದರೆ ಎಲ್ಲರ ಬರ್ಗರ್ ಒಟ್ಟಿಗೆ ಸಿದ್ಧವಾಗಬಹುದು. ಮಾಡಿದವರೂ ಜೊತೆಯಲ್ಲೇ ಕೂರಬಹುದು. ಕೌಂಟರ್‌ನಲ್ಲಿ ನಿಂತಾಗ ಹೊಳೆಯದ ಈ ಸಂಗತಿ ಮನೆಗೆ ಬಂದ ಮೇಲೆ ಹೊಳೆಯಿತು.

ಮಾಡುವ ಬಗೆ

ಮೊದಲು ಪ್ಯಾಟಿ. ಎಂಟಕ್ಕೆ ಮುಕ್ಕಾಲು ಕೆ.ಜಿ. ಆಲೂಗಡ್ಡೆ ಸಾಕು. ಸಿಪ್ಪೆ ಸಮೇತ ಬೇಯಿಸಿ, ಪೂರ್ತಿ ಆರಿದ ಮೇಲೆ ಸುಲಿದು ಹಿಸುಕಿ. ಬಿಸಿಯಲ್ಲಿ ಹಿಸುಕಿದರೆ ಅಂಟಂಟಾಗುತ್ತದೆ. ಬೇಯಿಸಿದ ಬಟಾಣಿ, ಹಸಿಮೆಣಸು, ಶುಂಠಿ, ಜೀರಿಗೆ ಪುಡಿ, ಉಪ್ಪು ಹಾಕಿ. ಜೊತೆಗೆ ಒಂದು ಹಿಡಿ ಅವಲಕ್ಕಿ ಪುಡಿ. ಆಲೂಗಡ್ಡೆಯ ನೀರನ್ನು ಅದು ಹೀರಿಕೊಳ್ಳುವುದರಿಂದ ಪ್ಯಾಟಿ ಎಣ್ಣೆಯಲ್ಲಿ ಒಡೆಯುವುದಿಲ್ಲ. ಮಾಂಸದ ಪ್ಯಾಟಿ ಬೆಂದಾಗ ಕುಗ್ಗುತ್ತದೆ, ಆಲೂಗಡ್ಡೆಯದ್ದು ಕುಗ್ಗುವುದಿಲ್ಲ. ಹಾಗಾಗಿ ಬನ್ನಿನಷ್ಟೇ ಅಗಲ ತಟ್ಟಿದರೆ ಸಾಕು. ಯಾವುದಾದರೂ ಡಬ್ಬಿಯ ಮುಚ್ಚಳವನ್ನು ಅಚ್ಚು ಮಾಡಿಕೊಂಡರೆ ಎಂಟೂ ಒಂದೇ ಅಳತೆ. ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, ಆಮೇಲೆ ಮೈದಾ ಮತ್ತು ಕಾರ್ನ್‌ಫ್ಲೋರ್‌ನ ತೆಳು ಹಿಟ್ಟಿನಲ್ಲಿ ಅದ್ದಿ, ರಸ್ಕ್ ಪುಡಿಯಲ್ಲಿ ಹೊರಳಿಸಿ ಕರಿಯಿರಿ. ಕರಿದದ್ದನ್ನು ತಟ್ಟೆಯಲ್ಲಿ ಹಾಕಬೇಡಿ, ಕೆಳಗೆ ಹಬೆ ಕಟ್ಟಿ ಮೆತ್ತಗಾಗುತ್ತದೆ. ತಂತಿಯ ಜಾಲರಿ ಮೇಲೆ ಹರವಿ.

ಎರಡನೆಯದು ಚೀಸ್. ಇಲ್ಲಿ ಸ್ಲೈಸ್ ರೂಪದ ಪ್ರೊಸೆಸ್ಡ್ ಚೀಸೇ ಬೇಕು. ಬರಿ ಚೀಸ್ ಕಾದರೆ ಕೊಬ್ಬು ಬೇರೆ, ಗಟ್ಟಿ ಬೇರೆ ಆಗಿಬಿಡಬಹುದು. ಪ್ರೊಸೆಸ್ಡ್ ಚೀಸ್‌ಗೆ ಸೋಡಿಯಂ ಸಿಟ್ರೇಟ್, ಫಾಸ್ಫೇಟ್‌ನಂಥ ಲವಣ ಸೇರಿಸಿರುತ್ತಾರೆ. ಅವು ಕೊಬ್ಬು ಮತ್ತು ನೀರನ್ನು ಹಿಡಿದಿಡುವುದರಿಂದ ಚೀಸ್ ಒಡೆಯದೆ ನುಣ್ಣಗೆ ಕರಗುತ್ತದೆ. ಬೇರೆ ಬೆಂಕಿ ಬೇಡ, ಪ್ಯಾಟಿಯ ಬಿಸಿಯೇ ಸಾಕು. ಎಣ್ಣೆಯಿಂದ ತೆಗೆದ ಕೂಡಲೇ ಅದರ ಮೇಲೆ ಸ್ಲೈಸ್ ಇಟ್ಟುಬಿಡಿ.

ಸಾಸ್‌ಗೆ ಮೂರು ಚಮಚ ಮಯೊನೀಸ್, ಒಂದು ಚಮಚ ಕೆಚಪ್, ಚಿಟಿಕೆ ಸಾಸಿವೆ ಪುಡಿ. ಮಳಿಗೆಗಳಲ್ಲಿ ಹುಳಿಯಾದ ಹಸಿರು ಬಿಲ್ಲೆ ಇಡುತ್ತಾರಲ್ಲ, ಅದು ಮಿಡಿಸೌತೆ. ದೇಶದಲ್ಲಿ ರಫ್ತಿಗಾಗಿ ಅದನ್ನು ಬೆಳೆಯುವುದು 1990ರ ದಶಕದಲ್ಲಿ ಶುರುವಾದದ್ದೇ ನಮ್ಮ ಕರ್ನಾಟಕದಲ್ಲಿ. ಕಂಪನಿಯವರು ಬೀಜ ಕೊಟ್ಟು, ಗಾತ್ರ ನೋಡಿ ಗ್ರೇಡ್ ಮಾಡಿ ಒಯ್ಯುತ್ತಾರೆ. ಕಾಯಿ ಚಿಕ್ಕದಾದಷ್ಟೂ ರೇಟು ಹೆಚ್ಚು. ನಮ್ಮ ಹೊಲಗಳಿಂದ ಹೋದ ಮಿಡಿಸೌತೆ ಬಾಟಲಿ ಸೇರಿ ಸಮುದ್ರ ದಾಟುತ್ತದೆ, ನಾವು ಮಾತ್ರ ಅದನ್ನು ‘ಫಾರಿನ್ ಐಟಂ’ ಅನ್ನುತ್ತೇವೆ. ಅದು ಸಿಗದಿದ್ದರೆ ಎಳೆ ಸೌತೆಕಾಯಿಯ ತೆಳು ಬಿಲ್ಲೆಗಳನ್ನು ವಿನೆಗರ್, ಉಪ್ಪು, ಸಕ್ಕರೆಯಲ್ಲಿ ಅರ್ಧ ಗಂಟೆ ನೆನೆಸಿ. ಬಾಯಿ ಚಪ್ಪರಿಸುವಂತಿರುತ್ತದೆ.

ಬನ್ನಿಗೆ ದೂರ ಹೋಗಬೇಕಿಲ್ಲ. ಟೂಟಿ ಫ್ರೂಟಿ ಇಲ್ಲದ ಮೆತ್ತನೆ ಬನ್ನು ಬೇಕು ಎಂದು ಹಿಂದಿನ ದಿನವೇ ಬೇಕರಿಯಲ್ಲಿ ಹೇಳಿಡಿ. ಅಡ್ಡ ಕೊಯ್ದು, ಒಳಮೈಗೆ ಬೆಣ್ಣೆ ಸವರಿ ದೋಸೆ ಕಾವಲಿಯ ಮೇಲೆ ಕವುಚಿ ಹಾಕಿ. ಆ ಕಂದು ಪದರವಿದ್ದರೆ ಸಾಸ್ ಬನ್ನಿನೊಳಗೆ ಇಳಿದು ಮುದ್ದೆಯಾಗುವುದಿಲ್ಲ.

ಕೊನೆಗೆ ಜೋಡಣೆ. ಕೆಳಗಿನ ಬನ್ನು, ಸಾಸ್, ಸಣ್ಣಗೆ ಹೆಚ್ಚಿದ ಈರುಳ್ಳಿ, ಸೌತೆ ಬಿಲ್ಲೆ, ಚೀಸ್ ಹೊದ್ದ ಪ್ಯಾಟಿ, ಮೇಲಿನ ಬನ್ನು. ತಕ್ಷಣ ಬಟರ್ ಪೇಪರ್‌ನಲ್ಲಿ ಬಿಗಿಯಾಗಿ ಸುತ್ತಿ ಎರಡು–ಮೂರು ನಿಮಿಷ ಬಿಡಿ. ಒಳಗಿನ ಹಬೆಗೆ ಬನ್ನು ಮೆತ್ತಗಾಗಿ, ಚೀಸ್ ಅಂಟಿಕೊಂಡು, ಎಲ್ಲ ಒಂದಾಗುತ್ತದೆ. ಹೊರಗಿನ ಬರ್ಗರ್‌ನ ‘ಆ ರುಚಿ’ ಮನೆಯಲ್ಲಿ ಬರುವುದಿಲ್ಲ ಎನ್ನುವವರು ಮಾಡದಿರುವುದು ಇದೊಂದನ್ನೇ.

ಎಲ್ಲರಿಗೂ ಒಂದೊಂದು ಜಾಗ

ಕಳೆದ ತಿಂಗಳು ಅಮ್ಮ, ಅತ್ತಿಗೆ, ಅಜ್ಜಿಯನ್ನು ಹಾಲ್‌ನಲ್ಲಿ ಕೂರಿಸಿ, ಅಡುಗೆಮನೆಯಲ್ಲಿ ಮಳಿಗೆಯದೇ ಸಾಲು ಹಚ್ಚಿದೆ. ಅಣ್ಣ ಕಾವಲಿಯ ಬಳಿ ಬನ್ನಿಗೆ. ನಾನು ಎಣ್ಣೆ ಬಾಣಲೆಗೆ. ತಂಗಿ ಸಾಸ್, ಚೀಸ್, ಈರುಳ್ಳಿಗೆ. ಸುತ್ತುವವರು ಬೇಕಿತ್ತು, ಅಪ್ಪನನ್ನು ಕರೆದೆ.

ಅಪ್ಪನದು ಕಿರಾಣಿ ಅಂಗಡಿ. ಮೂವತ್ತು ವರ್ಷ ಬೇಳೆ, ಸಕ್ಕರೆ, ಬೆಲ್ಲ ಪೊಟ್ಟಣ ಕಟ್ಟಿದ ಕೈ. ನಾನು ಸುತ್ತುವುದನ್ನು ಒಂದು ಸಾರಿ ನೋಡಿ, ‘ಸರಿ ಆಚೀಗೆ’ ಎಂದರು. ನಾಲ್ಕು ಮಡಿಕೆ, ಒಂದು ತಿರುವು. ದಾರವಿಲ್ಲದೆ ನಿಂತ ಆ ಪೊಟ್ಟಣದಂಥದ್ದನ್ನು ನಾನು ಎಂಟು ತಿಂಗಳಲ್ಲಿ ಒಂದೂ ಸುತ್ತಿರಲಿಲ್ಲ. ಹತ್ತೇ ನಿಮಿಷದಲ್ಲಿ ಎಂಟು ಪೊಟ್ಟಣ ಸಾಲಾಗಿ ಕೂತವು. ಅಷ್ಟರಲ್ಲಿ ಹರಿಹರದ ಸೋದರತ್ತೆ ಬಂದರು. ಎಂಟನೆಯದರ ಲೆಕ್ಕ ಸರಿಹೋಯಿತು.

ಅಜ್ಜಿ ಪೇಪರ್ ಬಿಚ್ಚಿ, ‘ಇದೇನೋ, ಬನ್ನಿನಾಗೆ ಆಲೂ ಬೋಂಡ ಇಟ್ಟೀಯಲ್ಲ’ ಅಂದರು. ಅಂದವರೇ ಪೂರ್ತಿ ತಿಂದರು. ಅಮ್ಮ ಮೊದಲ ಕಚ್ಚಿಗೆ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ‘ಬಿಸಿ ಐತೆ’ ಅಂದರು, ಅಷ್ಟೇ. ಅಭ್ಯಾಸಬಲದಿಂದ ಎರಡು ಸಾರಿ ಎದ್ದು ಅಡುಗೆಮನೆ ಕಡೆ ನೋಡಿದರು. ಅಲ್ಲಿ ಒಲೆ ಆರಿತ್ತು, ಮತ್ತೆ ಕೂತರು. ಸೋದರತ್ತೆ ‘ಇದನ್ನೆಲ್ಲ ಎಲ್ಲಿ ಕಲಿತ್ಯೋ?’ ಎಂದು ನನ್ನನ್ನು ಕೇಳಿದಾಗ ಉತ್ತರ ಕೊಟ್ಟದ್ದು ಅಪ್ಪ: ‘ಬೆಂಗಳೂರಾಗೆ ಬರ್ಗರ್ ಅಂಗಡಿಯಾಗೆ ಇದ್ನಲ್ಲ, ಅಲ್ಲಿ.’

ಇತ್ತೀಚೆಗೆ ಒಂದು ಗೋದಾಮಿನ ಮೇಲ್ವಿಚಾರಕ ಹುದ್ದೆಗೆ ಸಂದರ್ಶನವಿತ್ತು. ಹಿಂದಿನ ಕೆಲಸ ಕೇಳಿದರು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ರಶ್ ಇದ್ದಾಗ ಹೇಗೆ ನಿಭಾಯಿಸುತ್ತಿದ್ದಿರಿ ಎಂದು ಮರುಪ್ರಶ್ನೆ ಬಂತು. ಯಾವುದು ಮೊದಲೇ ಸಿದ್ಧವಿರಬೇಕು, ಯಾವುದು ಕೊನೆ ಗಳಿಗೆಯಲ್ಲಿ ಆಗಬೇಕು, ಒಬ್ಬರು ತಡವಾದರೆ ಸಾಲು ಎಲ್ಲಿ ನಿಲ್ಲುತ್ತದೆ ಎಂದು ವಿವರಿಸಿದೆ. ಫಲಿತಾಂಶ ಇನ್ನೂ ಬಂದಿಲ್ಲ. ಆದರೆ ಅವತ್ತು ಅತಿ ಹೆಚ್ಚು ಹೊತ್ತು ಮಾತಾಡಿದ್ದು ಆ ಎಂಟು ತಿಂಗಳ ಬಗ್ಗೆಯೇ. ಡೆಲಿವರಿ, ಕೌಂಟರ್, ಬಿಲ್ಲಿಂಗ್ ಎಂದು ಸಣ್ಣಪುಟ್ಟ ಕೆಲಸ ಮಾಡಿರುವ ಗೆಳೆಯರೇ, ಅದನ್ನು ರೆಸ್ಯೂಮೆಯಿಂದ ಅಳಿಸಬೇಡಿ.

ಇನ್ನೊಂದು ಮಾತು. ಮಳಿಗೆಯಲ್ಲಿ ಕೊನೆಯ ಗಿರಾಕಿ ಹೋದ ಮೇಲೆ ಕೆಲಸ ಮುಗಿಯುವುದಿಲ್ಲ. ಎಣ್ಣೆ ಸೋಸಬೇಕು, ಕಲ್ಲು ಉಜ್ಜಬೇಕು, ನೆಲ ಒರೆಸಬೇಕು. ಅದಕ್ಕೆ ‘ಕ್ಲೋಸಿಂಗ್’ ಅಂತ ಹೆಸರು. ಮನೆಯಲ್ಲೂ ಬರ್ಗರ್ ತಿಂದು, ಫೋಟೊ ಹಾಕಿ, ಎಣ್ಣೆ ಬಾಣಲೆಯನ್ನು ಅಮ್ಮನಿಗೆ ಬಿಟ್ಟರೆ ಮಾಡಿದ್ದೆಲ್ಲ ದಂಡ. ನಮ್ಮ ಮನೆಯ ಸಾಲಿನಲ್ಲಿ ಕೊನೆಯ ಜಾಗ ಸಿಂಕ್. ಮುಂದಿನ ಭಾನುವಾರ ಅಲ್ಲಿ ನಿಲ್ಲುವ ಸರದಿ ಅಣ್ಣನದು.