ಸ್ಕೂಲ್ ಬ್ಯಾಗಿಗೂ ಒಂದು ಲೆಕ್ಕ

ಬೆಳಗ್ಗೆ ನಮ್ಮ ಕೃಷ್ಣರಾಜನಗರದ ಬಸ್ ನಿಲ್ದಾಣದಲ್ಲಿ ನಿಂತು ನೋಡಿ. ಎಷ್ಟೋ ಮಕ್ಕಳು ಬ್ಯಾಗಿನ ಭಾರಕ್ಕೆ ಮುಂದಕ್ಕೆ ಬಾಗಿಯೇ ನಡೆಯುತ್ತಾರೆ. ದಿನವೂ ಹೀಗಾದರೆ ಬೆನ್ನು, ಹೆಗಲು, ಕುತ್ತಿಗೆ ನೋಯದೇ ಇದ್ದೀತೇ?

ಇದು ಹೊಸ ದೂರಲ್ಲ. ಮೈಸೂರಿನಲ್ಲಿ ನೆಲೆಸಿದ್ದ ಲೇಖಕ ಆರ್.ಕೆ. ನಾರಾಯಣ್ 1989ರಲ್ಲೇ ರಾಜ್ಯಸಭೆಯಲ್ಲಿ ಮಕ್ಕಳ ಪುಸ್ತಕದ ಹೊರೆಯ ಬಗ್ಗೆ ಮಾತನಾಡಿದ್ದರು. 2019ರಲ್ಲಿ ನಮ್ಮ ರಾಜ್ಯ ಸರ್ಕಾರ ಬ್ಯಾಗಿನ ತೂಕಕ್ಕೆ ಮಿತಿ ಹಾಕಿತು. 1–2ನೇ ತರಗತಿಗೆ ಹೆಚ್ಚೆಂದರೆ 2 ಕೆ.ಜಿ., 3–5ಕ್ಕೆ 3, 6–8ಕ್ಕೆ 4, 9–10ಕ್ಕೆ 5 ಕೆ.ಜಿ.

ಮಕ್ಕಳೇ, ಇಂದೇ ತಾತ, ಅಜ್ಜಿಯ ಜೊತೆ ಕೂತು ಒಂದು ಲೆಕ್ಕ ಮಾಡಿ. ತೂಕದ ಯಂತ್ರದ ಮೇಲೆ ಬ್ಯಾಗು ಹೊತ್ತು ಒಮ್ಮೆ, ಬ್ಯಾಗಿಲ್ಲದೆ ಒಮ್ಮೆ ನಿಲ್ಲಿ. ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಉಳಿದದ್ದು ಬ್ಯಾಗಿನ ತೂಕ. ಅದು ನಿಮ್ಮ ತೂಕದ ಹತ್ತನೇ ಒಂದು ಭಾಗ ಮೀರದಿದ್ದರೆ ಒಳ್ಳೆಯದು. ನೀವು 30 ಕೆ.ಜಿ. ಇದ್ದರೆ ಬ್ಯಾಗು 3 ಕೆ.ಜಿ.

ಹೆಚ್ಚಾಯಿತೇ? ರಾತ್ರಿಯೇ ವೇಳಾಪಟ್ಟಿ ನೋಡಿ ಬೇಡದ ಪುಸ್ತಕ ತೆಗೆದಿಡಿ. ಒಂದು ಲೀಟರ್ ನೀರೆಂದರೆ ಒಂದು ಕೆ.ಜಿ.; ಶಾಲೆಯಲ್ಲಿ ಶುದ್ಧ ನೀರಿದ್ದರೆ ಖಾಲಿ ಬಾಟಲಿ ಸಾಕು. ದಪ್ಪ ಪುಸ್ತಕ ಬೆನ್ನಿನ ಕಡೆಗಿರಲಿ. ಪಟ್ಟಿ ಎರಡೂ ಹೆಗಲಿಗಿರಲಿ. ಬ್ಯಾಗು ಸೊಂಟದಿಂದ ಕೆಳಗೆ ಜೋತಾಡದಿರಲಿ. ಸಂಜೆ ಆಟ ತಪ್ಪಿಸಬೇಡಿ, ಬೆನ್ನಿಗೆ ಬಲ ಬರುವುದು ಅಲ್ಲೇ.

ಹಿರಿಯರಿಗೊಂದು ಮಾತು. ಮಗು ಬೆನ್ನು ನೋವೆಂದರೆ ಶಾಲೆ ತಪ್ಪಿಸುವ ನೆಪವೆಂದು ಗದರಬೇಡಿ. ನೋವು ಹೋಗದಿದ್ದರೆ, ಕೈಕಾಲು ಜೋಮು ಹಿಡಿದರೆ ಡಾಕ್ಟರಿಗೆ ತೋರಿಸಿ.