ಹಳೆಯ ಕಡತಗಳ ವಿಲೇವಾರಿ: ವರ್ತಕರು ಅರಿಯಬೇಕಾದ ಹೊಣೆ

ಆಯುಧಪೂಜೆಯ ಹಿಂದಿನ ವಾರ ಬಂತೆಂದರೆ ಜಿಲ್ಲೆಯ ಎಲ್ಲ ಅಂಗಡಿ ಬೀದಿಗಳಲ್ಲಿಯೂ ಒಂದೇ ದೃಶ್ಯ. ಅಟ್ಟದ ಮೇಲೆ ವರ್ಷಗಟ್ಟಲೆ ಧೂಳು ತಿನ್ನುತ್ತಿದ್ದ ಬಿಲ್ ಬುಕ್ಕುಗಳು, ರೋಕಡ ಪುಸ್ತಕಗಳು, ಬ್ಯಾಂಕ್ ಚಲನ್‌ಗಳು ಕೆಳಗಿಳಿಯುತ್ತವೆ. ಗುಜರಿ ವ್ಯಾಪಾರಿ ತಕ್ಕಡಿ ತರುತ್ತಾನೆ. ಕಟ್ಟುಗಳು ಕಿಲೋ ಲೆಕ್ಕದಲ್ಲಿ ತೂಗಿ ಹೋಗುತ್ತವೆ, ಬಂದ ಹಣ ಹುಡುಗರ ಕಾಫಿ ತಿಂಡಿಗೆ ಸರಿಹೋಗುತ್ತದೆ. ಅಂಗಡಿ ಸ್ವಚ್ಛವಾಯಿತೆಂಬ ಸಮಾಧಾನದಲ್ಲಿ ಆ ಕಾಗದಗಳು ಮುಂದೆ ಎಲ್ಲಿಗೆ ಹೋದವು ಎಂಬುದನ್ನು ಯಾರೂ ವಿಚಾರಿಸುವುದಿಲ್ಲ.

ಹೋಗುವುದು ಬಹುದೂರವೇನಲ್ಲ. ಒಂದು ಭಾಗ ಸಗಟು ರದ್ದಿ ವ್ಯಾಪಾರಿಯ ಮೂಲಕ ಕಾಗದದ ಕಾರ್ಖಾನೆ ಸೇರಿ ತಿರುಳಾಗುತ್ತದೆ. ಇನ್ನೊಂದು ಭಾಗ ಊರಿನಲ್ಲಿಯೇ ಉಳಿದು ಪೊಟ್ಟಣವಾಗುತ್ತದೆ. ಬೋಂಡ ಕಟ್ಟಿಕೊಟ್ಟ ಕಾಗದದ ಮೇಲೆ ಯಾರದೋ ಬ್ಯಾಂಕ್ ಖಾತೆಯ ವಿವರವನ್ನು ಓದಿದ ಅನುಭವ ಹಲವರಿಗೆ ಇದ್ದೀತು. ಆಹಾರವನ್ನು ಮುದ್ರಿತ ಸುದ್ದಿಪತ್ರಿಕೆಗಳಲ್ಲಿ ಕಟ್ಟಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮಗಳು ಹೇಳಿದ್ದರೂ ಪದ್ಧತಿ ಪೂರ್ಣವಾಗಿ ನಿಂತಿಲ್ಲ. ನಿಯಮದ ಚಿಂತೆ ಶಾಯಿಯಲ್ಲಿರುವ ರಾಸಾಯನಿಕಗಳದ್ದು. ಅದೇ ಕಾಗದದ ಮೇಲಿರುವ ಹೆಸರು, ಸಹಿ ಮತ್ತು ಸಂಖ್ಯೆಗಳ ಚಿಂತೆ ವರ್ತಕರದ್ದಾಗಬೇಕಾಗಿದೆ.

ಹಲಸಿನ ಮಾರುಕಟ್ಟೆಗೆ ಹೆಸರಾದ ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಹಲಸು, ತೆಂಗು, ಅಡಿಕೆ ವಹಿವಾಟು ನಡೆಸುವ ಒಂದು ಮಂಡಿಯನ್ನು ಉದಾಹರಣೆಯಾಗಿ ಕಲ್ಪಿಸಿಕೊಳ್ಳಬಹುದು. ಅದರ ಹಳೆಯ ಕಡತಗಳಲ್ಲಿ ಮಂಡಿಯ ಸ್ವಂತ ಲೆಕ್ಕಪತ್ರಗಳಿರುತ್ತವೆ. ಅವುಗಳ ನಡುವೆಯೇ ಮಾಲು ತಂದ ರೈತರ ಪಹಣಿ, ಆಧಾರ್ ಕಾರ್ಡಿನ ಜೆರಾಕ್ಸ್, ಪಾಸ್‌ಬುಕ್ಕಿನ ಮೊದಲ ಪುಟ, ಮುಂಗಡ ಪಡೆದಾಗ ಬರೆದುಕೊಟ್ಟ ಚೀಟಿ, ಸಹಿ ಅಥವಾ ಹೆಬ್ಬೆಟ್ಟು, ಭಾವಚಿತ್ರ ಇತ್ಯಾದಿಗಳೂ ಸೇರಿರುತ್ತವೆ. ವಸಂತನರಸಾಪುರದ ಸಣ್ಣ ಕಾರ್ಖಾನೆಯ ಕಡತವಾದರೆ ಕಾರ್ಮಿಕರ ಭವಿಷ್ಯನಿಧಿ ನಮೂನೆ, ಪ್ಯಾನ್ ಸಂಖ್ಯೆ, ನಾಮನಿರ್ದೇಶಿತರ ವಿವರ, ಕೆಲವೊಮ್ಮೆ ವೈದ್ಯಕೀಯ ಪ್ರಮಾಣಪತ್ರ ಕೂಡ. ಇವು ವರ್ತಕನ ಆಸ್ತಿಯಲ್ಲ. ನಂಬಿ ಕೊಟ್ಟವರ ಕಾಗದಗಳು. ಅವನ್ನು ತೂಕಕ್ಕೆ ಹಾಕುವ ಅಧಿಕಾರವನ್ನು ಆ ರೈತನಾಗಲಿ ಕಾರ್ಮಿಕನಾಗಲಿ ಕೊಟ್ಟಿರುವುದಿಲ್ಲ.

ಜೆರಾಕ್ಸ್ ಪ್ರತಿಯಿಂದ ಏನು ಹಾನಿ ಎಂದು ಕೇಳುವವರಿದ್ದಾರೆ. ಸರಕು ಮತ್ತು ಸೇವಾ ತೆರಿಗೆಯ ಆಡಳಿತದಲ್ಲಿ ಇದಕ್ಕೆ ಉತ್ತರವಿದೆ. ನಕಲಿ ನೋಂದಣಿಗಳನ್ನು ಪತ್ತೆಹಚ್ಚಲು ಕೇಂದ್ರ ಮತ್ತು ರಾಜ್ಯ ತೆರಿಗೆ ಇಲಾಖೆಗಳು 2023ರ ಮೇ 16ರಿಂದ ಒಮ್ಮೆ, 2024ರ ಆಗಸ್ಟ್ 16ರಿಂದ ಮತ್ತೊಮ್ಮೆ ದೇಶದಾದ್ಯಂತ ವಿಶೇಷ ಕಾರ್ಯಾಚರಣೆ ಕೈಗೊಂಡವು. ಬೇರೆಯವರ ಗುರುತಿನ ಪತ್ರ, ತಿದ್ದಿದ ವಿದ್ಯುತ್ ಬಿಲ್ಲು, ಆಸ್ತಿ ತೆರಿಗೆ ರಶೀದಿ, ಬಾಡಿಗೆ ಕರಾರು ಇವುಗಳನ್ನು ಜೋಡಿಸಿ ನೋಂದಣಿ ಪಡೆಯುವುದು, ಮಾಲೇ ಇಲ್ಲದ ಬಿಲ್ಲುಗಳನ್ನು ಹರಿದು ಹೂಡುವಳಿ ತೆರಿಗೆ ಜಮೆಯನ್ನು ಮುಂದಕ್ಕೆ ದಾಟಿಸುವುದು, ಬಳಿಕ ಮಾಯವಾಗುವುದು ಇದರ ಕ್ರಮ. ಕಡೆಗೆ ನೋಟೀಸು ತಲುಪುವುದು ಪ್ಯಾನ್ ಯಾರದ್ದೋ ಅವರ ಮನೆಗೆ. ಒಂದು ಅಂಗಡಿಯ ಕಡತದಲ್ಲಿ ಇಷ್ಟೂ ಕಾಗದಗಳು ಒಂದೇ ದಾರದಲ್ಲಿ ಕಟ್ಟಿ ಸಿಗುತ್ತವೆ ಎಂಬುದನ್ನು ಗಮನಿಸಿದರೆ ಗುಜರಿಗೆ ಹಾಕಿದ ಕಟ್ಟಿನ ನಿಜವಾದ ಬೆಲೆ ಏನೆಂಬುದು ಅರ್ಥವಾದೀತು. (ತಮ್ಮ ಪ್ಯಾನ್ ಮೇಲೆ ಯಾವ ಯಾವ ನೋಂದಣಿಗಳಿವೆ ಎಂಬುದನ್ನು ಜಿಎಸ್‌ಟಿ ಜಾಲತಾಣದಲ್ಲಿ ಪ್ಯಾನ್ ಸಂಖ್ಯೆ ನಮೂದಿಸಿ ಯಾರು ಬೇಕಾದರೂ ನೋಡಿಕೊಳ್ಳಬಹುದು. ವರ್ಷಕ್ಕೊಮ್ಮೆ ನೋಡುವುದು ಒಳ್ಳೆಯದು.)

ಆಧಾರ್ ಪ್ರತಿಯ ವಿಚಾರದಲ್ಲಿ ಸರ್ಕಾರದ ಮಾತೇ ಒಮ್ಮೆ ಗೊಂದಲ ಹುಟ್ಟಿಸಿತ್ತು. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯು ಆಧಾರ್ ಜೆರಾಕ್ಸನ್ನು ಕಂಡಕಂಡವರಿಗೆ ಕೊಡಬಾರದು, ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಮುಸುಕು ಹಾಕಿದ ಆಧಾರ್ ಬಳಸಬಹುದು ಎಂದು ಪ್ರಕಟಣೆ ಹೊರಡಿಸಿತು. ತಪ್ಪು ಅರ್ಥಕ್ಕೆ ಎಡೆಯಾಗುತ್ತದೆಂಬ ಕಾರಣ ನೀಡಿ ಕೇಂದ್ರ ಸಚಿವಾಲಯ ಎರಡೇ ದಿನದಲ್ಲಿ ಅದನ್ನು ಹಿಂತೆಗೆದುಕೊಂಡಿತು. ಪ್ರಕಟಣೆ ಹೋಯಿತು, ಆದರೆ ಮುಸುಕಿನ ಆಧಾರ್ ಸೌಲಭ್ಯ ಉಳಿದಿದೆ. ಅದನ್ನು ಕೇಳಿ ಪಡೆಯುವ ವರ್ತಕರು ಮಾತ್ರ ಬೆರಳೆಣಿಕೆಯಷ್ಟು.

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿದ್ದು ನಮ್ಮ ರಾಜ್ಯದವರೇ ಆದ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಅದರ ಮುಂದುವರಿಕೆಯಾಗಿ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಾರಿಕೆಗಳಿಗೆ ಅಲ್ಲಿಂದ ಹದಿನೆಂಟು ತಿಂಗಳ ಕಾಲಾವಕಾಶ ನೀಡಲಾಗಿದೆ. ಕಾಯ್ದೆಯ ಹೆಸರೇ ಸೂಚಿಸುವಂತೆ ಬರಿಯ ಕಾಗದಕ್ಕೆ ಅದು ಅನ್ವಯಿಸುವುದಿಲ್ಲ. ಇಲ್ಲಿ ನೆಮ್ಮದಿಪಡುವವರು ಒಂದು ಅಂಶವನ್ನು ಮರೆಯುತ್ತಾರೆ. ಕಾಗದದಲ್ಲಿ ಸಂಗ್ರಹಿಸಿದ ವಿವರವನ್ನು ಬಳಿಕ ಡಿಜಿಟಲ್ ರೂಪಕ್ಕೆ ತಂದರೆ ಆ ವಿವರ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ರೈತನ ಪಾಸ್‌ಬುಕ್ಕನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಗುಮಾಸ್ತರಿಗೋ ಲೆಕ್ಕಪರಿಶೋಧಕರಿಗೋ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸದ ಮಂಡಿ ಇಂದು ಯಾವುದಿದೆ? ಸೂಕ್ತ ರಕ್ಷಣೆ ಒದಗಿಸದಿದ್ದಲ್ಲಿ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ಚೇಳೂರಿನ ಮಂಡಿಗೆ ಅಷ್ಟು ದಂಡ ಬೀಳುತ್ತದೆಂದು ಯಾರೂ ಹೆದರಬೇಕಾಗಿಲ್ಲ. ಆದರೆ ಉದ್ದೇಶ ಮುಗಿದ ಮೇಲೆ, ಬೇರೆ ಕಾನೂನಿನ ಅಗತ್ಯವಿಲ್ಲದಿದ್ದರೆ, ವಿವರವನ್ನು ಅಳಿಸಬೇಕೆಂಬ ತತ್ವ ದೊಡ್ಡವರಿಗೂ ಸಣ್ಣವರಿಗೂ ಒಂದೇ.

ಹಾಗೆಂದು ಅವಸರದಲ್ಲಿ ಎಲ್ಲವನ್ನೂ ನಾಶಮಾಡುವುದು ಇನ್ನೂ ದೊಡ್ಡ ತಪ್ಪು. ಯಾವುದನ್ನು ಎಷ್ಟು ಕಾಲ ಇಡಬೇಕೆಂಬುದನ್ನು ಮೊದಲು ನಿಶ್ಚಯಿಸಬೇಕು. ಜಿಎಸ್‌ಟಿ ಕಾಯ್ದೆಯ 36ನೇ ಕಲಂ ಪ್ರಕಾರ ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕಡೆಯ ದಿನದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಇಡತಕ್ಕದ್ದು. 2021-22ನೇ ಸಾಲಿನ ಕಡೆಯ ದಿನ 2022ರ ಡಿಸೆಂಬರ್ 31 ಆಗಿತ್ತು. ಆದ್ದರಿಂದ ಆ ಸಾಲಿನ ಬಿಲ್ಲುಗಳನ್ನು 2028ರ ಡಿಸೆಂಬರ್ 31ರವರೆಗೆ ಮುಟ್ಟುವಂತಿಲ್ಲ. ಅನೇಕರು ಆರ್ಥಿಕ ವರ್ಷದ ಕೊನೆಯಿಂದ ಆರು ವರ್ಷ ಎಣಿಸಿ ಒಂಬತ್ತು ತಿಂಗಳು ಮುಂಚೆಯೇ ಕಟ್ಟು ಬಿಚ್ಚುತ್ತಾರೆ. ಮೇಲ್ಮನವಿ ಅಥವಾ ತನಿಖೆ ಬಾಕಿಯಿದ್ದರೆ ಅದು ಇತ್ಯರ್ಥವಾದ ಮೇಲೂ ಒಂದು ವರ್ಷ ಕಾಯಬೇಕು. ಕಂಪನಿಗಳಿಗೆ 2013ರ ಕಂಪನಿ ಕಾಯ್ದೆಯ 128ನೇ ಕಲಂ ಎಂಟು ಆರ್ಥಿಕ ವರ್ಷಗಳನ್ನು ವಿಧಿಸಿದೆ. ಆದಾಯ ತೆರಿಗೆಯಲ್ಲಿ 1961ರ ಕಾಯ್ದೆಯ ಅಡಿಯ ನಿಯಮ 6ಎಫ್ ನಿಗದಿತ ವೃತ್ತಿಗಳವರಿಗೆ ಹೇಳಿದ ಆರು ವರ್ಷದ ಅವಧಿಯನ್ನೇ ವರ್ತಕರೂ ರೂಢಿಯಲ್ಲಿ ಪಾಲಿಸುತ್ತ ಬಂದಿದ್ದಾರೆ. ಈ ಎಲ್ಲ ಎಣಿಕೆಗಳನ್ನು ನೆನಪಿಡುವುದು ಕಷ್ಟವೆನಿಸಿದರೆ ಎಲ್ಲಕ್ಕೂ ಎಂಟು ವರ್ಷ ಎಂದಿಟ್ಟುಕೊಳ್ಳುವುದು ಸಣ್ಣ ಸಂಸ್ಥೆಗಳಿಗೆ ಸುಲಭ. ಕ್ರಯಪತ್ರ, ಪಾಲುದಾರಿಕೆ ಪತ್ರ, ನೋಂದಣಿ ಪ್ರಮಾಣಪತ್ರ, ತೀರದ ಸಾಲದ ದಾಖಲೆ, ಕಾರ್ಮಿಕರ ಭವಿಷ್ಯನಿಧಿಯ ದಾಖಲೆ ಇವು ಎಂಟರ ಲೆಕ್ಕಕ್ಕೆ ಬರುವುದಿಲ್ಲ. ಅವುಗಳಿಗೆ ಬೇರೆ ಪೆಟ್ಟಿಗೆಯೇ ಇರಬೇಕು.

ನೋಟೀಸು ಬಂದ ಮೇಲೆ ಕಡತ ನಾಶಮಾಡುವ ಯೋಚನೆಯಂತೂ ಕೂಡದು. ಸಾಕ್ಷ್ಯವಾಗಿ ಹಾಜರುಪಡಿಸದಂತೆ ದಾಖಲೆಯನ್ನು ನಾಶಮಾಡುವುದು ಭಾರತೀಯ ನ್ಯಾಯ ಸಂಹಿತೆಯ 241ನೇ ಕಲಂ ಪ್ರಕಾರ ಅಪರಾಧ.

ಇನ್ನು ನಾಶಮಾಡುವ ವಿಧಾನ. ಕೈಯಿಂದ ಹರಿದು ಹಾಕಿದರೆ ಸಾಕೆಂಬುದು ಸಾಮಾನ್ಯ ನಂಬಿಕೆ. 1989ರಲ್ಲಿ ಪೂರ್ವ ಜರ್ಮನಿಯ ಗುಪ್ತ ಪೊಲೀಸರು ಹರಿದುಹಾಕಿದ ಕಡತಗಳ ಸಾವಿರಾರು ಚೀಲಗಳು ಜನರ ವಶವಾದವು. 1995ರಿಂದ ಸಿಬ್ಬಂದಿ ಕುಳಿತು ಚೂರುಗಳನ್ನು ಕೈಯಿಂದಲೇ ಜೋಡಿಸಿ ನೂರಾರು ಚೀಲಗಳ ಕಾಗದವನ್ನು ಓದುವಂತೆ ಮಾಡಿದರು. ಯಂತ್ರದಲ್ಲಿ ಉದ್ದುದ್ದ ಪಟ್ಟಿಯಾಗಿ ಕತ್ತರಿಸಿದರೂ ಪೂರ್ಣ ಭರವಸೆಯಿಲ್ಲ. 1979ರಲ್ಲಿ ಟೆಹರಾನಿನ ಅಮೆರಿಕ ರಾಯಭಾರ ಕಚೇರಿಯನ್ನು ವಶಪಡಿಸಿಕೊಂಡವರು ಅಲ್ಲಿ ಪಟ್ಟಿಪಟ್ಟಿಯಾಗಿದ್ದ ಕಾಗದಗಳನ್ನು ರತ್ನಗಂಬಳಿ ನೇಯುವವರ ನೆರವಿನಿಂದ ಮತ್ತೆ ಹೊಂದಿಸಿ ಪುಸ್ತಕಗಳಾಗಿ ಪ್ರಕಟಿಸಿದರು. ಅಂಗಡಿಯ ಬಿಲ್ಲಿಗೆ ಅಷ್ಟು ಶ್ರಮ ಯಾರು ಪಡುತ್ತಾರೆ ಎಂಬುದು ನಿಜ. ಆದರೆ ಆಧಾರ್ ಸಂಖ್ಯೆಗೆ ಬೇಕಾದದ್ದು ಹನ್ನೆರಡು ಅಂಕಿ ಮಾತ್ರ, ಅದು ಒಂದೇ ಚೂರಿನಲ್ಲಿ ಉಳಿದುಬಿಡಬಹುದು.

ಶ್ರೆಡ್ಡರ್ ಯಂತ್ರ ಕೊಳ್ಳುವವರು ಅದರ ಮೇಲಿನ ‘ಪಿ’ ದರ್ಜೆಯನ್ನು ನೋಡಬೇಕು. ಜರ್ಮನಿಯ ಡಿಐಎನ್ 66399 ಮಾನದಂಡದ ಈ ದರ್ಜೆಗಳು ಪಿ-1ರಿಂದ ಪಿ-7ರವರೆಗೆ ಇವೆ. ಪಿ-2 ಯಂತ್ರ ಆರು ಮಿಲಿಮೀಟರ್ ಅಗಲದ ಪಟ್ಟಿ ಕತ್ತರಿಸುತ್ತದೆ. ಅಂದರೆ ಒಂದು ಎ-4 ಹಾಳೆ ಸುಮಾರು 35 ಪಟ್ಟಿಯಾಗುತ್ತದೆ. ಪಿ-4 ಯಂತ್ರದ ಚೂರು 160 ಚದರ ಮಿಲಿಮೀಟರಿಗಿಂತ ದೊಡ್ಡದಿರುವುದಿಲ್ಲ. ಅದೇ ಹಾಳೆ ಅಲ್ಲಿ 390 ಚೂರುಗಳನ್ನೂ ಮೀರುತ್ತದೆ. ವೈಯಕ್ತಿಕ ವಿವರವಿರುವ ಕಾಗದಕ್ಕೆ ಪಿ-4ಕ್ಕಿಂತ ಕಡಿಮೆ ದರ್ಜೆ ಒಪ್ಪತಕ್ಕದ್ದಲ್ಲ.

ಎಲ್ಲರಿಗೂ ಯಂತ್ರ ಬೇಕಾಗಿಲ್ಲ. ಹಳೆಯ ಡ್ರಮ್ಮಿನಲ್ಲಿ ಕಾಗದವನ್ನು ಬಿಡಿಬಿಡಿಯಾಗಿ ಹರಿದು ಹಾಕಿ, ನೀರು ತುಂಬಿ, ದಿನವೆರಡು ಬಾರಿ ಕೋಲಿನಿಂದ ಕಲಕುತ್ತ ಬಂದರೆ ಕೆಲವೇ ದಿನಗಳಲ್ಲಿ ಅಕ್ಷರ ಉಳಿಯದ ತಿರುಳಾಗುತ್ತದೆ. ಪಿನ್ನು, ಪ್ಲಾಸ್ಟಿಕ್ ಹೊದಿಕೆ, ಲ್ಯಾಮಿನೇಟ್ ಮಾಡಿದ ಪ್ರತಿಗಳನ್ನು ಮೊದಲೇ ತೆಗೆದಿರಬೇಕು. ಲ್ಯಾಮಿನೇಟ್ ಪ್ರತಿ ನೀರಿಗೆ ಜಗ್ಗುವುದಿಲ್ಲ, ಅದಕ್ಕೆ ಕತ್ತರಿಯೇ ಗತಿ. ಸುಡುವುದು ಸುಲಭವೆಂದು ಕಂಡರೂ ಕಟ್ಟಿದ ಪುಸ್ತಕ ಅಂಚು ಕರಿದಾಗಿ ನಡುವಿನ ಹಾಳೆಗಳು ಹಾಗೇ ಉಳಿಯುತ್ತವೆ. ಬಯಲಿನಲ್ಲಿ ತ್ಯಾಜ್ಯ ಸುಡುವುದಕ್ಕೆ ಘನತ್ಯಾಜ್ಯ ನಿಯಮಗಳ ಅಡ್ಡಿಯೂ ಇದೆ. ಹೆಚ್ಚು ಪ್ರಮಾಣದ ಕಡತವಿರುವವರು ಕಾಗದದ ಕಾರ್ಖಾನೆಗೆ ನೇರವಾಗಿ ಸಾಗಿಸಿ, ತಮ್ಮವರೊಬ್ಬರ ಎದುರಿಗೇ ತಿರುಳಿನ ತೊಟ್ಟಿಗೆ ಹಾಕಿಸಿ, ತೂಕದ ಚೀಟಿ ಪಡೆಯುವುದು ಉತ್ತಮ. ಕತ್ತರಿಸಿದ ಚೂರು ಯಂತ್ರದ ಬಿಡಿಭಾಗಗಳ ಪೆಟ್ಟಿಗೆಗೆ ಮೆತ್ತೆಯಾಗಿ ಬರುತ್ತದೆ. ಹಲಸಿನ ತೊಳೆ, ಚಿಪ್ಸ್‌ಗೆ ಅದನ್ನು ತಾಗಿಸಬಾರದು.

ನಾಶಮಾಡಿದ ದಿನ ಒಂದು ಸಣ್ಣ ವಹಿಯಲ್ಲಿ ಯಾವ ವರ್ಷದ, ಯಾವ ಬಗೆಯ ಎಷ್ಟು ಕಟ್ಟುಗಳು, ಯಾವ ವಿಧಾನದಿಂದ, ಯಾರ ಸಮಕ್ಷಮ ಎಂಬುದನ್ನು ಬರೆದು ಮಾಲೀಕರು ಸಹಿ ಮಾಡಬೇಕು. ಮುಂದೆಂದಾದರೂ ಅಧಿಕಾರಿ ಕೇಳಿದಾಗ ‘ಗೆದ್ದಲು ತಿಂದಿತು’ ಎಂಬ ಉತ್ತರಕ್ಕಿಂತ ಈ ವಹಿಗೆ ಹೆಚ್ಚು ಬೆಲೆ. ಗೆದ್ದಲಿನ ಉತ್ತರವನ್ನು ಅಧಿಕಾರಿಗಳು ಸಾಕಷ್ಟು ಕೇಳಿದ್ದಾರೆ.

ಹೊಸ ಕಡತದ ವಿಷಯದಲ್ಲಿ ಈಗಲೇ ಆರಂಭಿಸಬಹುದಾದ ಎರಡು ಕ್ರಮಗಳಿವೆ. ಕಟ್ಟು ಕಟ್ಟುವಾಗಲೇ ಮೇಲಿನ ಚೀಟಿಯಲ್ಲಿ ನಾಶಮಾಡಬಹುದಾದ ದಿನಾಂಕವನ್ನು ದಪ್ಪ ಅಕ್ಷರದಲ್ಲಿ ಬರೆಯುವುದು ಒಂದು. ಬೇಡದ ಪ್ರತಿಯನ್ನು ಪಡೆಯದಿರುವುದು ಇನ್ನೊಂದು. ರೈತರ ಖಾತೆಗೆ ಹಣ ಹಾಕಲು ಖಾತೆಯ ಸಂಖ್ಯೆ ಮತ್ತು ಬ್ಯಾಂಕ್ ಶಾಖೆಯ ಸಂಕೇತ ಸಾಕು, ಆಧಾರ್ ಜೆರಾಕ್ಸ್ ಬೇಕಾಗುವುದಿಲ್ಲ. ಪಡೆಯಲೇಬೇಕಾದಲ್ಲಿ ಯಾವ ಉದ್ದೇಶಕ್ಕೆ, ಯಾವ ದಿನಾಂಕದಂದು ಎಂಬುದನ್ನು ಪ್ರತಿಯ ಮೇಲೆ ಅಡ್ಡಲಾಗಿ ಬರೆಸಿ, ಕೊಟ್ಟವರ ಸಹಿ ಆ ಬರಹದ ಮೇಲೆಯೇ ಬೀಳುವಂತೆ ಹಾಕಿಸಿಕೊಳ್ಳಬೇಕು.