ಮಾತಿನಿಂದಲೂ ಮನೆ ಏಳುತ್ತದೆ



ಮನೆ ಕಟ್ಟಲು ಗಾರೆಯವರೂ ಬಡಗಿಗಳೂ ಬೇಕೆಂಬುದು ನಮಗೆಲ್ಲ ತಿಳಿದದ್ದೇ. ಆದರೆ ಬಡವರಿಗೆ ವಸತಿ ಒದಗಿಸುವ ಸಂಸ್ಥೆಯಲ್ಲಿ ಪ್ರಚಾರ ಬಲ್ಲವನಿಗೇನು ಕೆಲಸವೆಂದು ಯಾರಾದರೂ ಕೇಳಿದರೆ, ಇಂಗ್ಲೆಂಡಿನಲ್ಲಿ ಹೆಸರು ಮಾಡಿದ ಡೆಸ್ ವಿಲ್ಸನ್ ಅವರ ಉದಾಹರಣೆಯನ್ನು ನಾವು ಮುಂದಿಡಬಹುದು.

ನ್ಯೂಜಿಲೆಂಡಿನಲ್ಲಿ 1941ರಲ್ಲಿ ಹುಟ್ಟಿದ ವಿಲ್ಸನ್ ವೃತ್ತಿಯಿಂದ ಪತ್ರಕರ್ತರು. 1966ರ ಡಿಸೆಂಬರ್ 1ರಂದು ಲಂಡನ್ನಿನಲ್ಲಿ ‘ಶೆಲ್ಟರ್’ ಸಂಸ್ಥೆ ಆರಂಭವಾದಾಗ ಅವರಿಗಿನ್ನೂ 25 ವರ್ಷ. ಪಾದ್ರಿ ಬ್ರೂಸ್ ಕೆನ್ರಿಕ್ ಮುಂತಾದವರು ಹುಟ್ಟುಹಾಕಿದ ಈ ಸಂಸ್ಥೆಯನ್ನು ಅವರು ನಿರ್ದೇಶಕರಾಗಿ 1971ರವರೆಗೆ ನಡೆಸಿದರು.

ಶೆಲ್ಟರ್ ಕೂಡಿಸಿದ ಹಣ ಊರೂರಿನ ಗೃಹ ಸಂಘಗಳಿಗೆ ಹೋಗುತ್ತಿತ್ತು. ಸಂಘಗಳು ಅದನ್ನು ಮೂಲಧನವಾಗಿಟ್ಟುಕೊಂಡು, ಪುರಸಭೆಗಳಿಂದ ಸಾಲವನ್ನೂ ದುರಸ್ತಿಯ ಸಹಾಯಧನವನ್ನೂ ಪಡೆದು, ಹಳೆಯ ಮನೆಗಳನ್ನು ಕೊಂಡು ಸರಿಪಡಿಸಿ, ಕೈಗೆಟುಕುವ ಬಾಡಿಗೆಗೆ ಕೊಡುತ್ತಿದ್ದವು. ಷೇರು ಹಣದ ಬಲದ ಮೇಲೆ ಸಾಲ ತರುವ ನಮಗೆ ಈ ಕ್ರಮ ಹೊಸದೇನಲ್ಲ.

ವಿಲ್ಸನ್ ಅವರ ನಿಜವಾದ ಸಾಧನೆ ಬೇರೆ. ಸರಕಾರದ ಲೆಕ್ಕದಲ್ಲಿ ತಾತ್ಕಾಲಿಕ ಆಶ್ರಯ ಕೇಂದ್ರ ಸೇರಿದವರು ಮಾತ್ರ ‘ಮನೆಯಿಲ್ಲದವರು’; ಅವರ ಸಂಖ್ಯೆ ಕೆಲವು ಸಾವಿರ. ಸೋರುವ ಒಂದೇ ಕೋಣೆಯಲ್ಲಿ ಮಕ್ಕಳೊಂದಿಗೆ ಬದುಕುವ ಸಂಸಾರಕ್ಕೂ ಮನೆಯಿಲ್ಲವೆಂದೇ ಎಣಿಸಬೇಕು ಎಂಬುದು ಶೆಲ್ಟರ್ ವಾದ. ಹಾಗೆ ಎಣಿಸಿದಾಗ ಸಂಖ್ಯೆ ಲಕ್ಷಗಳಿಗೆ ಏರಿತು. ಅತಿಶಯೋಕ್ತಿಯೆಂಬ ಆಕ್ಷೇಪ ಬಂದರೂ ಅವರು ಪತ್ರಿಕೆ, ಜಾಹೀರಾತು, ವರದಿಗಳ ಮೂಲಕ ಅದನ್ನೇ ಸಾರಿದರು. ಸಂಸ್ಥೆ ಆರಂಭವಾಗುವ ಎರಡು ವಾರ ಮೊದಲು ಬಿಬಿಸಿಯಲ್ಲಿ ಬಂದ ‘ಕ್ಯಾಥಿ ಕಮ್ ಹೋಮ್’ ನಾಟಕವೂ ಜನರ ಮನಸ್ಸನ್ನು ಹದಗೊಳಿಸಿತ್ತು. ಕೊನೆಗೆ 1977ರಲ್ಲಿ, ಮನೆಯಿಲ್ಲದ ಕೆಲವು ವರ್ಗದವರಿಗೆ, ಅದರಲ್ಲೂ ಮಕ್ಕಳಿರುವ ಸಂಸಾರಗಳಿಗೆ, ವಸತಿ ಕಲ್ಪಿಸುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸುವ ಕಾನೂನು ಬಂತು.

ಇನ್ನೊಂದು ಸಂಗತಿಯೂ ಗಮನಾರ್ಹ. 1968ರಿಂದ 1972ರವರೆಗೆ ನಿಕ್ ಹೆಡ್ಜಸ್ ಎಂಬವರು ಶೆಲ್ಟರ್‌ಗಾಗಿ ಕೊಳೆಗೇರಿಗಳ ಚಿತ್ರ ತೆಗೆದರು. ಚಿತ್ರದಲ್ಲಿದ್ದವರ ಮಾನ ಕಾಯಲೆಂದು ಅವುಗಳ ಬಳಕೆಗೆ ದಶಕಗಳ ಕಾಲ ನಿರ್ಬಂಧವಿತ್ತು. ಲಂಡನ್ನಿನಲ್ಲಿ ದೊಡ್ಡ ಪ್ರದರ್ಶನ ನಡೆದದ್ದು 2014ರಲ್ಲಿ. ಪ್ರಚಾರಕ್ಕೂ ಒಂದು ಮರ್ಯಾದೆಯುಂಟು. ಬಡವನ ಕಷ್ಟ ತೋರಿಸಿ ಹಣ ಎತ್ತುವವರು ಅವನ ಮುಖವನ್ನೂ ಕಾಪಾಡಬೇಕು.

ವಿಲ್ಸನ್ ಮುಂದೆ 1982ರಲ್ಲಿ ಪೆಟ್ರೋಲಿನಲ್ಲಿ ಸೀಸ ಬೆರೆಸುವುದರ ವಿರುದ್ಧವೂ ಇದೇ ರೀತಿಯಲ್ಲಿ ಚಳವಳಿ ನಡೆಸಿದರು.

ಇದು ನಮಗೇಕೆ ಎನ್ನಬಹುದು. ನಮ್ಮ ತೋಟಗಳಲ್ಲೂ ಲೈನ್ ಮನೆಗಳಿವೆ. ಪುಸ್ತಕದಲ್ಲಿ ‘ವಸತಿ ಉಂಟು’ ಎಂದು ಬರೆಯುವುದು ಸುಲಭ. ಹೆಂಚು ಸೋರುತ್ತದೆಯೇ, ನೀರು ಎಷ್ಟು ದೂರ, ಒಂದು ಕೋಣೆಯಲ್ಲಿ ಎಷ್ಟು ಜನ ಎಂಬುದನ್ನು ಆ ಎರಡು ಪದ ಹೇಳಲಾರವು. ಆದ್ದರಿಂದ ಸದಸ್ಯರು ಮುಂಗಾರಿಗೆ ಮೊದಲು ಕೆಲಸಗಾರರ ಅನುಮತಿ ಪಡೆದು ಅವರ ಮನೆಗಳನ್ನು ಒಳಹೊಕ್ಕು ನೋಡಿ, ಕಂಡದ್ದನ್ನು ಸಂಘದ ಕಚೇರಿಗೆ ಬರೆದು ತಿಳಿಸಬೇಕೆಂದು ಕೋರುತ್ತೇವೆ. ಯಾರ ಹೆಸರನ್ನೂ ಪ್ರಕಟಿಸುವುದಿಲ್ಲ.